ಒಂದೇ ಡ್ರಾಯಿಂಗ್, ಎರಡು ಊರು: ನಾವು ಸರ್ವರ್ ಕಟ್ಟಿ ಕಲಿತ ಪಾಠ



ನಾನು ಇದೇ ಕಾಲೇಜಿನ ಹಳೆಯ ವಿದ್ಯಾರ್ಥಿ. ಈಗ ಕಬ್ಬಿಣದ ಫ್ಯಾಬ್ರಿಕೇಷನ್ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ಡ್ರಾಯಿಂಗ್ ಕೆಲಸ ಮಾಡುತ್ತೇನೆ. ನಮ್ಮ ಡಿಸೈನ್ ಆಫೀಸು ಶಿವಮೊಗ್ಗದಲ್ಲಿದೆ. ವರ್ಕ್‌ಶಾಪು ಮತ್ತು ಇನ್ನಿಬ್ಬರು ಡ್ರಾಫ್ಟ್ಸ್‌ಮನ್‌ಗಳು ಇರುವುದು ಭದ್ರಾವತಿಯಲ್ಲಿ. ನಡುವಿನ ದೂರ ಬಿ.ಎಚ್. ರಸ್ತೆಯಲ್ಲಿ ಸುಮಾರು 20 ಕಿ.ಮೀ. ಪಿಯುಸಿಯಲ್ಲಿ ಲ್ಯಾನ್, ವ್ಯಾನ್, ರೂಟರ್, ಸರ್ವರ್, ಐಪಿ ವಿಳಾಸ ಎಲ್ಲವನ್ನೂ ನಾನು ಅಂಕಕ್ಕಾಗಿ ಬಾಯಿಪಾಠ ಮಾಡಿದ್ದೆ. ಅವುಗಳ ಅರ್ಥ ಗೊತ್ತಾಗಿದ್ದು ಹನ್ನೆರಡು ಫ್ಲ್ಯಾಂಜ್ ಗುಜರಿಗೆ ಹೋದ ಮೇಲೆ. ಆ ಪಾಠವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ತಪ್ಪು ನಡೆದದ್ದು ಹೇಗೆ?

ಒಂದು ಪೈಪ್‌ಲೈನ್ ಕೆಲಸಕ್ಕೆ ಮೊದಲು 80 ಮಿ.ಮೀ. ಪೈಪು ಎಂದು ತೀರ್ಮಾನವಾಗಿತ್ತು. ಪಿಎನ್ 16 ದರ್ಜೆಯಲ್ಲಿ ಆ ಅಳತೆಯ ಫ್ಲ್ಯಾಂಜಿಗೆ ಹೊರವ್ಯಾಸ 200 ಮಿ.ಮೀ. ಎಂಟು ಬೋಲ್ಟ್ ತೂತುಗಳು 160 ಮಿ.ಮೀ. ವ್ಯಾಸದ ವೃತ್ತದ ಮೇಲೆ ಬರುತ್ತವೆ. ಆಮೇಲೆ ಗಿರಾಕಿಯವರು ಪೈಪನ್ನು 100 ಮಿ.ಮೀ.ಗೆ ಬದಲಿಸಿದರು. ಆಗ ಹೊರವ್ಯಾಸ 220, ತೂತಿನ ವೃತ್ತ 180 ಆಗಬೇಕು. ನಾನು ರಾತ್ರಿ ಕೂತು ಡ್ರಾಯಿಂಗ್ ತಿದ್ದಿ ವಾಟ್ಸಾಪ್ ಗುಂಪಿಗೆ ಕಳುಹಿಸಿ ಮಲಗಿದೆ. ಫೈಲಿನ ಹೆಸರು ‘ಫೈನಲ್ ನ್ಯೂ 2’. ಎರಡು ದಿನ ಮೊದಲು ಕಳುಹಿಸಿದ್ದ ಹಳೆಯ ಫೈಲಿನ ಹೆಸರು ‘ಫೈನಲ್ ನ್ಯೂ’.

ಬೆಳಿಗ್ಗೆ ಭದ್ರಾವತಿಯಲ್ಲಿ ಪ್ರಿಂಟ್ ತೆಗೆದವರು ತಮ್ಮ ಕಂಪ್ಯೂಟರಿನಲ್ಲಿ ಮೊದಲೇ ಇಳಿಸಿಕೊಂಡಿದ್ದ ಫೈಲನ್ನು ತೆರೆದರು. ಡ್ರಿಲ್ಲಿಂಗ್ ಮಾಡುವ ಹಿರಿಯ ಮೇಸ್ತ್ರಿ ಆ ಕಾಗದದಂತೆ ಹನ್ನೆರಡು ಫ್ಲ್ಯಾಂಜ್ ಮಾಡಿ ಮುಗಿಸಿದರು. ಸಣ್ಣದನ್ನು ದೊಡ್ಡದು ಮಾಡಲು ಬರುವುದಿಲ್ಲವಲ್ಲ, ಎಲ್ಲವೂ ಗುಜರಿ. ನಷ್ಟವನ್ನು ಮೇಸ್ತ್ರಿಯ ಸಂಬಳದಲ್ಲಿ ಹಿಡಿಯುವ ಮಾತು ಬಂತು. ನಾನು ಅಲ್ಲಿಗೆ ಹೋದಾಗ ಅವರು ಪ್ರಿಂಟನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ತೆಗೆದು ತೋರಿಸಿ, “ಬೇಟಾ, ನೀನು ಬರೆದ ಕಾಗದ ನೋಡಿಯೇ ತೂತು ಹೊಡೆದಿದ್ದೀನಿ. ಕಾಗದ ಹಳೇದೋ ಹೊಸದೋ ನನಗೆ ಹೇಗೆ ಗೊತ್ತಾಗಬೇಕು?” ಎಂದರು.

ನನ್ನ ಬಳಿ ಉತ್ತರ ಇರಲಿಲ್ಲ. ಆ ಕಾಗದದ ಮೇಲೆ ಹಳೆಯದು ಎಂದು ಎಲ್ಲಿಯೂ ಬರೆದಿರಲಿಲ್ಲ. ಮಾಲೀಕರ ಹತ್ತಿರ ಹೋಗಿ, “ಸರ್, ತಪ್ಪು ನನ್ನದು, ಚಾಚಾರ ಸಂಬಳ ಹಿಡಿಯಬೇಡಿ” ಎಂದೆ. ಅವರು ಒಪ್ಪಿದರು. “ಇನ್ನೊಂದು ಸಲ ಹೀಗಾಗದ ಹಾಗೆ ಏನಾದರೂ ಮಾಡು” ಎಂದು ಕೆಲಸವನ್ನು ನನ್ನ ತಲೆಗೇ ಕಟ್ಟಿದರು.

ಸಮಸ್ಯೆ ಏನು?

ದೊಡ್ಡ ಕಾರ್ಖಾನೆಗಳ ಹಳೆಯ ಡ್ರಾಯಿಂಗ್ ಆಫೀಸುಗಳಲ್ಲಿ ಒಂದು ಪದ್ಧತಿ ಇತ್ತು. ಮೂಲ ನಕಾಶೆ ಟ್ರೇಸಿಂಗ್ ಹಾಳೆಯ ಮೇಲೆ ಒಂದೇ ಇರುತ್ತಿತ್ತು. ಅದು ಆಫೀಸಿನ ಕಪಾಟು ಬಿಟ್ಟು ಹೊರಗೆ ಹೋಗುತ್ತಿರಲಿಲ್ಲ. ವರ್ಕ್‌ಶಾಪಿಗೆ ಹೋಗುತ್ತಿದ್ದುದು ಅದರ ನೀಲಿ ಪ್ರಿಂಟು. ಯಾವ ಪ್ರಿಂಟು ಯಾರಿಗೆ ಹೋಯಿತು ಎಂದು ರಿಜಿಸ್ಟರಿನಲ್ಲಿ ಬರೆದು, ಹೊಸದು ಕೊಡುವಾಗ ಹಳೆಯದನ್ನು ವಾಪಸು ತೆಗೆದುಕೊಳ್ಳುತ್ತಿದ್ದರು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಭದ್ರಾವತಿಯಂಥ ಊರಿನಲ್ಲಿ ನಕಾಶೆ ಓದಿ ಕೆಲಸ ಮಾಡುವವರಿಗೆ ಬರವಿಲ್ಲ. ನಮ್ಮಲ್ಲಿ ಕಂಪ್ಯೂಟರು ಬಂದಿತ್ತು, ಈ ಶಿಸ್ತು ಮಾತ್ರ ಬಂದಿರಲಿಲ್ಲ. ಫೈಲನ್ನು ನಕಲು ಮಾಡುವುದು ಸುಲಭ. ಹಾಗಾಗಿ ಪ್ರತಿ ಮೊಬೈಲಿನಲ್ಲೂ ಒಂದೊಂದು ‘ಮೂಲ’ ಹುಟ್ಟಿಕೊಂಡಿತ್ತು.

ದೂರದ ಎರಡು ಆಫೀಸುಗಳು ಸೇರಿ ವಿನ್ಯಾಸ ಮಾಡುವುದು ಕರ್ನಾಟಕಕ್ಕೆ ಹೊಸದೇನಲ್ಲ. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿನಲ್ಲಿ ಕೇಂದ್ರ ತೆರೆದು, ಚಿಪ್ ವಿನ್ಯಾಸಕ್ಕೆ ಬೇಕಾದ ಸಾಫ್ಟ್‌ವೇರ್ ಕೆಲಸವನ್ನು ಇಲ್ಲಿಂದ ಮಾಡಿಸಲು ತೊಡಗಿತು. ಆಗ ನಮ್ಮಲ್ಲಿ ಸಾರ್ವಜನಿಕ ಇಂಟರ್ನೆಟ್ ಇರಲಿಲ್ಲ. ಅದಕ್ಕಾಗಿ ಕಂಪನಿ ಉಪಗ್ರಹ ಸಂಪರ್ಕವನ್ನೇ ಪಡೆಯಬೇಕಾಯಿತು. ಅವರಿಗೆ ಸಾವಿರಾರು ಕಿಲೋಮೀಟರ್, ನಮಗೆ 20. ಆದರೂ ಎರಡು ಕಡೆಯೂ ಕೇಳಬೇಕಾದ ಪ್ರಶ್ನೆಗಳು ಮೂರೇ: ನಿಜವಾದ ಪ್ರತಿ ಎಲ್ಲಿದೆ? ಈಗ ಅದನ್ನು ತಿದ್ದುತ್ತಿರುವವರು ಯಾರು? ಹಿಂದೆ ತಿದ್ದಿದವರು ಯಾರು, ಯಾಕೆ?

ಮೊದಲು ಅಳತೆ

ನಾನು ಮೊದಲು ಯೋಚಿಸಿದ್ದು ಸರಳವಾದ ದಾರಿ. ಶಿವಮೊಗ್ಗದಲ್ಲಿ ಒಂದು ಫೈಲ್ ಸರ್ವರ್ ಇಟ್ಟು, ಭದ್ರಾವತಿಯವರು ಇಂಟರ್ನೆಟ್ ಮೂಲಕ ಅದರಲ್ಲಿನ ಫೈಲನ್ನು ನೇರವಾಗಿ ತೆರೆಯುವುದು. ಇದು ಸಾಧ್ಯವೇ ಎಂದು ತಿಳಿಯಲು ಎರಡು ಲೆಕ್ಕ ಬೇಕು.

ಮೊದಲನೆಯದು ಬ್ಯಾಂಡ್‌ವಿಡ್ತ್. ಫೈಲಿನ ಗಾತ್ರವನ್ನು ಬೈಟಿನಲ್ಲಿ ಹೇಳುತ್ತಾರೆ, ಇಂಟರ್ನೆಟ್ ವೇಗವನ್ನು ಬಿಟ್‌ನಲ್ಲಿ. 1 ಬೈಟ್ ಎಂದರೆ 8 ಬಿಟ್. 40 ಮೆಗಾಬೈಟಿನ ಡ್ರಾಯಿಂಗ್ ಎಂದರೆ 320 ಮೆಗಾಬಿಟ್. ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ಇದ್ದರೆ 16 ಸೆಕೆಂಡು ಸಾಕು. 2 ಮೆಗಾಬಿಟ್ ಮಾತ್ರ ಇದ್ದರೆ 160 ಸೆಕೆಂಡು. ಇಲ್ಲಿ ಅಪ್‌ಲೋಡ್ ಎಂದದ್ದನ್ನು ಗಮನಿಸಿ. ಡೌನ್‌ಲೋಡ್ ವೇಗ ಎಷ್ಟೇ ಇದ್ದರೂ, ಫೈಲು ಸರ್ವರಿನಿಂದ ಹೊರಗೆ ಹೋಗುವುದು ಅದರ ಅಪ್‌ಲೋಡ್ ವೇಗದಲ್ಲಿ.

ಎರಡನೆಯದು ಲೇಟೆನ್ಸಿ, ಅಂದರೆ ಒಂದು ಸಣ್ಣ ಪ್ರಶ್ನೆ ಹೋಗಿ ಉತ್ತರ ಬರಲು ಹಿಡಿಯುವ ಸಮಯ. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಈ ಲೆಕ್ಕದಲ್ಲಿ ಭದ್ರಾವತಿಗೆ ಹೋಗಿಬರಲು 1 ಮಿಲಿಸೆಕೆಂಡೂ ಬೇಡ. ಆದರೆ ಪಿಂಗ್ ಮಾಡಿ ನೋಡಿದರೆ 30 ಮಿಲಿಸೆಕೆಂಡು ಬಂತು. ಕಾರಣ ಏನೆಂದರೆ ನಮ್ಮ ಎರಡು ಆಫೀಸುಗಳಿಗೆ ಬೇರೆ ಬೇರೆ ಕಂಪನಿಯ ಸಂಪರ್ಕ ಇತ್ತು. ಎರಡು ಕಂಪನಿಗಳ ಜಾಲ ಒಂದಕ್ಕೊಂದು ಸೇರುವುದು ಸಾಮಾನ್ಯವಾಗಿ ಬೆಂಗಳೂರು, ಚೆನ್ನೈಯಂಥ ದೊಡ್ಡ ಊರಿನಲ್ಲಿ. ಪಕ್ಕದ ಊರಿಗೆ ಹೋಗಬೇಕಾದ ಡೇಟಾ ಬೆಂಗಳೂರು ಸುತ್ತಿ ಬರುತ್ತಿತ್ತು.

30 ಮಿಲಿಸೆಕೆಂಡು ದೊಡ್ಡದೇ ಎಂದು ನೀವು ಕೇಳಬಹುದು. ಒಂದು ಡ್ರಾಯಿಂಗ್ ತೆರೆಯುವಾಗ ಸಾಫ್ಟ್‌ವೇರು ಸರ್ವರಿಗೆ ಒಂದರ ಹಿಂದೆ ಒಂದರಂತೆ 2000 ಸಣ್ಣ ಪ್ರಶ್ನೆ ಕೇಳುತ್ತದೆ ಎಂದುಕೊಳ್ಳಿ. ಒಂದೇ ಕಟ್ಟಡದ ಲ್ಯಾನ್‌ನಲ್ಲಿ ಪ್ರತಿ ಪ್ರಶ್ನೆಗೆ ಅರ್ಧ ಮಿಲಿಸೆಕೆಂಡು ಹಿಡಿದರೆ ಒಟ್ಟು 1 ಸೆಕೆಂಡು. ಅದೇ 30 ಮಿಲಿಸೆಕೆಂಡು ಹಿಡಿದರೆ 60 ಸೆಕೆಂಡು. ಇಂಟರ್ನೆಟ್ ಪ್ಲ್ಯಾನನ್ನು ದುಪ್ಪಟ್ಟು ಮಾಡಿಸಿದರೂ ಈ ಒಂದು ನಿಮಿಷ ಕಡಿಮೆಯಾಗುವುದಿಲ್ಲ. ಬ್ಯಾಂಡ್‌ವಿಡ್ತ್ ರಸ್ತೆಯ ಅಗಲ, ಲೇಟೆನ್ಸಿ ಊರಿನ ದೂರ. ರಸ್ತೆ ಅಗಲ ಮಾಡಿದರೆ ಊರು ಹತ್ತಿರ ಬರುತ್ತದೆಯೇ?

ಇದ್ದ ದಾರಿಗಳು

ಫೈಲನ್ನು ದೂರದಿಂದ ನೇರವಾಗಿ ತೆರೆಯುವ ದಾರಿ ಹೀಗೆ ಬಿದ್ದುಹೋಯಿತು. ಉಳಿದವು ಮೂರು.

ರಿಮೋಟ್ ಡೆಸ್ಕ್‌ಟಾಪ್: ಫೈಲೂ ಕಂಪ್ಯೂಟರೂ ಶಿವಮೊಗ್ಗದಲ್ಲೇ ಇದ್ದು, ಭದ್ರಾವತಿಯವರಿಗೆ ಅದರ ಪರದೆ ಮಾತ್ರ ಕಾಣುವುದು. ಫೈಲು ಒಂದೇ ಇರುತ್ತದೆ. ಆದರೆ ಇಂಟರ್ನೆಟ್ ಹೋದರೆ ಕೆಲಸವೇ ನಿಲ್ಲುತ್ತದೆ, ಪ್ರತಿಯೊಬ್ಬರಿಗೂ ಎರಡೆರಡು ಕಂಪ್ಯೂಟರ್ ಬೇಕು.

ತಾನಾಗಿಯೇ ಸಿಂಕ್ ಆಗುವ ಫೋಲ್ಡರ್: ಎರಡೂ ಕಡೆ ಪ್ರತಿ ಇರುತ್ತದೆ, ಕೆಲಸ ಬೇಗ ಆಗುತ್ತದೆ. ಆದರೆ ಇಬ್ಬರು ಒಂದೇ ಡ್ರಾಯಿಂಗನ್ನು ಒಟ್ಟಿಗೆ ತಿದ್ದಿದರೆ ಎರಡು ಫೈಲು ಹುಟ್ಟುತ್ತವೆ. ಬರಹದ ಫೈಲಾದರೆ ಸಾಲು ಹೋಲಿಸಿ ಸೇರಿಸಬಹುದು. ಡ್ರಾಯಿಂಗ್ ಫೈಲಿನ ಒಳಗಿರುವುದು ಸಾಲುಗಳಲ್ಲ, ಬೈನರಿ. ಹಾಗೆ ಸೇರಿಸಲು ಬರುವುದಿಲ್ಲ.

ಲಾಕ್ ಇರುವ ವರ್ಷನ್ ಕಂಟ್ರೋಲ್: ಗ್ರಂಥಾಲಯದ ಪುಸ್ತಕದಂತೆ. ತಿದ್ದಬೇಕಾದವರು ಮೊದಲು ತಮ್ಮ ಹೆಸರಿಗೆ ಫೈಲನ್ನು ಪಡೆಯಬೇಕು. ಅವರು ಹಿಂತಿರುಗಿಸುವ ತನಕ ಉಳಿದವರು ಓದಬಹುದು, ತಿದ್ದುವಂತಿಲ್ಲ.

ನಾವು ಮೂರನೆಯದನ್ನು ಆರಿಸಿಕೊಂಡೆವು. ಅದಕ್ಕೆ ಸಬ್‌ವರ್ಷನ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. 2005ರಲ್ಲಿ ಬಂದ ಅದರ 1.2 ಆವೃತ್ತಿಯಿಂದ ಲಾಕ್ ಸೌಲಭ್ಯ ಇದೆ. ಫೈಲಿಗೆ ‘ನೀಡ್ಸ್ ಲಾಕ್’ ಎಂಬ ಗುಣ ಹಚ್ಚಿದರೆ, ಲಾಕ್ ಪಡೆಯುವ ತನಕ ಅದು ಓದಲು ಮಾತ್ರ ತೆರೆದುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಟಾರ್ಟಾಯ್ಸ್ ಎಸ್‌ವಿಎನ್ ಹಾಕಿಕೊಂಡರೆ ಎಲ್ಲವೂ ಮೌಸಿನ ಬಲ ಗುಂಡಿಯಲ್ಲೇ ಆಗುತ್ತದೆ. ಪ್ರತಿ ಕಂಪ್ಯೂಟರಿನಲ್ಲೂ ಕೆಲಸದ ಪ್ರತಿ ಇರುವುದರಿಂದ ಡ್ರಾಯಿಂಗ್ ತೆರೆಯುವುದು ಸ್ವಂತ ಡಿಸ್ಕಿನಿಂದ. ಆ 2000 ಪ್ರಶ್ನೆಗಳು ಊರು ದಾಟುವುದಿಲ್ಲ. ದಾಟುವುದು ಲಾಕ್, ಅಪ್‌ಡೇಟ್, ಕಮಿಟ್ ಎಂಬ ಮೂರು ಕೆಲಸ ಮಾತ್ರ.

ಕಟ್ಟಿದ ಕ್ರಮ

1. ಯಂತ್ರ. ಹೊಸ ಸರ್ವರ್ ಕೊಳ್ಳಲಿಲ್ಲ. ಆಫೀಸಿನಲ್ಲಿದ್ದ ಹಳೆಯ ಡೆಸ್ಕ್‌ಟಾಪಿಗೆ ಮೆಮೊರಿ ಹೆಚ್ಚಿಸಿ, 2 ಟೆರಾಬೈಟಿನ ಎರಡು ಡಿಸ್ಕ್ ಹಾಕಿ, ಲಿನಕ್ಸ್ ಕೂರಿಸಿದೆವು. ಎರಡು ಡಿಸ್ಕುಗಳಲ್ಲೂ ಒಂದೇ ಮಾಹಿತಿ ಬರೆಯುವ ಈ ಕ್ರಮಕ್ಕೆ ರೇಡ್ 1 ಎನ್ನುತ್ತಾರೆ. ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗಿಬರುವುದು ಇದ್ದದ್ದೇ. ಹಾಗಾಗಿ ಸರ್ವರಿಗೂ ರೂಟರಿಗೂ ಯುಪಿಎಸ್ ಹಾಕಿದೆವು. ಬ್ಯಾಟರಿ ಇಳಿದಾಗ ಸರ್ವರು ತಾನಾಗಿಯೇ ಸರಿಯಾಗಿ ಮುಚ್ಚಿಕೊಳ್ಳುವಂತೆ ಮಾಡಿದೆವು.

2. ವಿಳಾಸ. ಎರಡೂ ಆಫೀಸಿನ ರೂಟರುಗಳು ಅಂಗಡಿಯಿಂದ ಬಂದಂತೆಯೇ 192.168.1 ಎಂಬ ಜಾಲದಲ್ಲಿದ್ದವು. ಎರಡು ಬೀದಿಗೂ ಒಂದೇ ಹೆಸರು, ಎರಡರಲ್ಲೂ 10ನೇ ನಂಬರಿನ ಮನೆ ಇದ್ದರೆ ಅಂಚೆಯವರು ಎಲ್ಲಿಗೆ ಹೋಗಬೇಕು? ಶಿವಮೊಗ್ಗವನ್ನು 192.168.10ಕ್ಕೆ, ಭದ್ರಾವತಿಯನ್ನು 192.168.20ಕ್ಕೆ ಬದಲಿಸಿದೆವು. ಇದನ್ನು ಮರೆತು ನಾನು ಒಂದು ಇಡೀ ದಿನ ಕಳೆದಿದ್ದೇನೆ.

3. ಸುರಂಗ. ಎರಡು ರೂಟರುಗಳ ನಡುವೆ ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿದೆವು. 2020ರಿಂದ ಅದು ಲಿನಕ್ಸ್‌ನ ಕರ್ನಲ್ಲಿನಲ್ಲೇ ಇದೆ. ಪ್ರತಿ ಕಡೆಯಲ್ಲೂ ಎರಡು ಕೀಲಿಗಳು. ಖಾಸಗಿ ಕೀಲಿ ತನ್ನ ಯಂತ್ರದಲ್ಲೇ ಉಳಿಯುತ್ತದೆ, ಸಾರ್ವಜನಿಕ ಕೀಲಿಯನ್ನು ಮಾತ್ರ ಆಚೆಯವರಿಗೆ ಕೊಡಬೇಕು. ಭದ್ರಾವತಿಯಿಂದ ಶಿವಮೊಗ್ಗವನ್ನು ಹುಡುಕಲು ಶಿವಮೊಗ್ಗಕ್ಕೆ ಬದಲಾಗದ ಸಾರ್ವಜನಿಕ ಐಪಿ ವಿಳಾಸ ಬೇಕು. ಸಾಮಾನ್ಯ ಬ್ರಾಡ್‌ಬ್ಯಾಂಡಿನಲ್ಲಿ ಹಲವು ಗಿರಾಕಿಗಳಿಗೆ ಒಂದೇ ಸಾರ್ವಜನಿಕ ವಿಳಾಸ ಹಂಚಿರುವುದುಂಟು. ಸ್ಥಿರ ವಿಳಾಸವನ್ನು ಬೇರೆಯಾಗಿ ಕೇಳಿ ಪಡೆಯಬೇಕು. ಒಂದು ಕಡೆಗೆ ಇದ್ದರೆ ಸಾಕು.

4. ಬಾಗಿಲು. ವಿಪಿಎನ್ ಯಾಕೆ, ಫೈಲ್ ಹಂಚಿಕೆಯ 445ನೇ ಪೋರ್ಟನ್ನೇ ಇಂಟರ್ನೆಟ್ಟಿಗೆ ತೆರೆದರೆ ಆಗದೇ ಎಂದು ಒಬ್ಬರು ಕೇಳಿದರು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಹಾವಳಿ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಗ್ಗಿದ್ದು ವಿಂಡೋಸ್‌ನ ಇದೇ ಹಂಚಿಕೆ ವ್ಯವಸ್ಥೆಯಲ್ಲಿದ್ದ ದೋಷದ ಮೂಲಕ. ನಮ್ಮ ರೂಟರಿನಲ್ಲಿ ಹೊರಗೆ ತೆರೆದಿರುವುದು ವೈರ್‌ಗಾರ್ಡಿನ ಒಂದೇ ಪೋರ್ಟು. ಸರಿಯಾದ ಕೀಲಿ ಇಲ್ಲದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ.

5. ಹಕ್ಕು. ಮೂರು ಗುಂಪು ಮಾಡಿದೆವು. ಡ್ರಾಫ್ಟ್ಸ್‌ಮನ್‌ಗಳಿಗೆ ಓದುವ ಮತ್ತು ತಿದ್ದುವ ಹಕ್ಕು. ಮಾಲೀಕರಿಗೆ ಎಲ್ಲವನ್ನೂ ಓದುವ ಹಕ್ಕು. ವರ್ಕ್‌ಶಾಪಿಗೆ ‘ಬಿಡುಗಡೆ’ ಎಂಬ ಒಂದೇ ಫೋಲ್ಡರನ್ನು ಓದುವ ಹಕ್ಕು. ಮಾಲೀಕರಿಗೆ ತಿದ್ದುವ ಹಕ್ಕು ಯಾಕಿಲ್ಲ ಎಂದು ಅವರೇ ನಗುತ್ತಾ ಕೇಳಿದರು. “ಕೈತಪ್ಪಿ ಅಳಿಸಿಹೋದರೆ ನಿಮಗೇ ಬೇಜಾರಾಗುತ್ತದೆ ಸರ್” ಎಂದೆ. ಯಾರ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಹಕ್ಕು ಕೊಡಬೇಕು. ಇದು ಅಪನಂಬಿಕೆಯ ಮಾತಲ್ಲ.

6. ಹೆಸರು. ‘ಫೈನಲ್’ ಎಂಬ ಪದವನ್ನು ಫೈಲಿನ ಹೆಸರಿನಲ್ಲಿ ಬಳಸಬಾರದು ಎಂದು ನಿಯಮ ಮಾಡಿದೆವು. ಪ್ರತಿ ಡ್ರಾಯಿಂಗಿಗೂ ಒಂದು ನಂಬರು, ಅದು ಎಂದೂ ಬದಲಾಗುವುದಿಲ್ಲ. ರಿವಿಷನ್ ಸಂಖ್ಯೆ, ತಾರೀಖು, ತಿದ್ದಿದ ಕಾರಣ ಇವು ಡ್ರಾಯಿಂಗಿನ ಕೆಳಗಿನ ಪಟ್ಟಿಯಲ್ಲಿ ಬರುತ್ತವೆ. ಒಂದು ಡ್ರಾಯಿಂಗಿನೊಳಗೆ ಇನ್ನೊಂದನ್ನು ಜೋಡಿಸುವಾಗ ಡ್ರೈವಿನ ಪೂರ್ತಿ ದಾರಿ ಕೊಡದೆ ರಿಲೇಟಿವ್ ದಾರಿ ಕೊಡಬೇಕು. ಇಲ್ಲದಿದ್ದರೆ ಶಿವಮೊಗ್ಗದಲ್ಲಿ ಕಾಣುವ ಭಾಗ ಭದ್ರಾವತಿಯಲ್ಲಿ ಮಾಯವಾಗುತ್ತದೆ.

7. ಬಿಡುಗಡೆ. ಒಬ್ಬರು ತಿದ್ದಿ, ಇನ್ನೊಬ್ಬರು ನೋಡಿ ಒಪ್ಪಿದ ಮೇಲೆ ಮಾತ್ರ ಪಿಡಿಎಫ್ ‘ಬಿಡುಗಡೆ’ ಫೋಲ್ಡರಿಗೆ ಹೋಗುತ್ತದೆ. ಹಳೆಯ ಪಿಡಿಎಫ್ ಅಲ್ಲಿಂದ ತೆಗೆದುಹೋಗುತ್ತದೆ. ಇತಿಹಾಸದಲ್ಲಿ ಮಾತ್ರ ಅದು ಉಳಿದಿರುತ್ತದೆ. ವರ್ಕ್‌ಶಾಪಿನ ಒಂದು ಹಳೆಯ ಕಂಪ್ಯೂಟರು ಹತ್ತು ನಿಮಿಷಕ್ಕೊಮ್ಮೆ ಈ ಫೋಲ್ಡರನ್ನು ನಕಲು ಮಾಡಿಕೊಂಡು, ಕೊನೆಯ ಸಲ ಯಾವಾಗ ಮಾಡಿತು ಎಂಬುದನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸುತ್ತದೆ. ಇಂಟರ್ನೆಟ್ ಇಲ್ಲದೆ ಆ ಸಮಯ ಹಳೆಯದಾಗಿದ್ದರೆ ಫೋನು ಮಾಡಿ ಕೇಳದೆ ಪ್ರಿಂಟ್ ತೆಗೆಯುವಂತಿಲ್ಲ. ವಾಟ್ಸಾಪಿನಲ್ಲಿ ಬಂದ ಡ್ರಾಯಿಂಗಿನಿಂದ ಕೆಲಸ ಮಾಡುವುದು ಪೂರ್ತಿ ನಿಂತಿತು.

ಬ್ಯಾಕಪ್ ಎಂದರೆ ಯಾವುದು?

ರೇಡ್ ಇದೆಯಲ್ಲ, ಬ್ಯಾಕಪ್ ಯಾಕೆ ಎಂದು ಕೇಳುವವರು ಬಹಳ. ನೀವು ತಪ್ಪಾಗಿ ಒಂದು ಫೈಲು ಅಳಿಸಿದರೆ ರೇಡ್ ಅದನ್ನು ಎರಡೂ ಡಿಸ್ಕುಗಳಿಂದ ಅದೇ ಕ್ಷಣದಲ್ಲಿ ಅಳಿಸುತ್ತದೆ. ಡಿಸ್ಕ್ ಕೆಡುವುದರಿಂದ ಅದು ಕಾಪಾಡುತ್ತದೆ, ಮನುಷ್ಯರ ತಪ್ಪಿನಿಂದ, ಕಳ್ಳತನದಿಂದ, ವೈರಸ್ಸಿನಿಂದ ಕಾಪಾಡುವುದಿಲ್ಲ. ಇದಕ್ಕೆ 3-2-1 ಎಂಬ ನಿಯಮ ಇದೆ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ.

ಎರಡು ಊರು ಇರುವುದು ಇಲ್ಲಿ ನಮಗೆ ಅನುಕೂಲವೇ ಆಯಿತು. ರಾತ್ರಿ ಶಿವಮೊಗ್ಗದ ಸರ್ವರು ತನ್ನ ಪ್ರತಿಯನ್ನು ಭದ್ರಾವತಿಗೆ ಕಳುಹಿಸುತ್ತದೆ. ವಾರಕ್ಕೊಮ್ಮೆ ಒಂದು ಹೊರಗಿನ ಡಿಸ್ಕಿಗೂ ಪ್ರತಿ ತೆಗೆದು, ಕೇಬಲ್ ಬಿಚ್ಚಿ ಬೀರುವಿನಲ್ಲಿ ಇಡುತ್ತೇವೆ. ಕೇಬಲ್ ಬಿಚ್ಚಿದ ಡಿಸ್ಕಿಗೆ ಯಾವ ವೈರಸ್ಸೂ ತಲುಪುವುದಿಲ್ಲ. ಸರ್ವರು ಓಡುತ್ತಿರುವಾಗ ಅದರ ಫೋಲ್ಡರನ್ನು ಸುಮ್ಮನೆ ನಕಲು ಮಾಡಿದರೆ ಅರ್ಧ ಬರೆದ ಸ್ಥಿತಿ ಸಿಗಬಹುದು. ಆದ್ದರಿಂದ ಸಬ್‌ವರ್ಷನ್ನಿನದೇ ಹಾಟ್‌ಕಾಪಿ ಆಜ್ಞೆಯನ್ನು ಬಳಸಬೇಕು.

ತಿಂಗಳ ಮೊದಲ ಶನಿವಾರ ಬ್ಯಾಕಪ್ಪಿನಿಂದ ಒಂದು ಡ್ರಾಯಿಂಗನ್ನು ವಾಪಸು ತಂದು ತೆರೆದು ನೋಡುತ್ತೇವೆ. ಮೊದಲನೇ ಸಲ ತೆರೆಯಲೇ ಇಲ್ಲ. ಪ್ರತಿ ಹೋಗುತ್ತಿದ್ದ ಡಿಸ್ಕು ಮೂರು ವಾರದ ಹಿಂದೆಯೇ ತುಂಬಿಹೋಗಿತ್ತು. ಅದನ್ನು ಗಮನಿಸಿದವರು ಯಾರೂ ಇರಲಿಲ್ಲ. ಪರೀಕ್ಷೆ ಮಾಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಲೆಕ್ಕ ಹಾಕಬೇಡಿ.

ಸರ್ವರ್ ಮಾಡಲಾಗದ ಕೆಲಸ

ಸರ್ವರ್ ಶುರುವಾದ ಎರಡನೇ ವಾರ ಭದ್ರಾವತಿಯ ಗೆಳೆಯರೊಬ್ಬರು ಒಂದು ಡ್ರಾಯಿಂಗನ್ನು ಲಾಕ್ ಮಾಡಿಟ್ಟು ತಂಗಿಯ ಮದುವೆಗೆ ಹೋದರು. ನನಗೆ ಅದೇ ಡ್ರಾಯಿಂಗು ತುರ್ತಾಗಿ ಬೇಕಿತ್ತು. ಲಾಕ್ ಮುರಿಯುವ ಅಧಿಕಾರ ನನಗಿತ್ತು. ಆದರೆ ಅವರ ಕಂಪ್ಯೂಟರಿನಲ್ಲಿ ಇನ್ನೂ ಕಮಿಟ್ ಮಾಡದ ಅರ್ಧ ಕೆಲಸ ಇದ್ದರೆ? ಫೋನು ಮಾಡಿದೆ. ಮದುವೆ ಮನೆಯ ಗದ್ದಲದಲ್ಲಿ, “ಏನೂ ತಿದ್ದಿಲ್ಲ ಭಾಯಿ, ಮುರಿದುಬಿಡು” ಎಂದರು. ಅಂದಿನಿಂದ ಎರಡು ನಿಯಮ: ಸಂಜೆ ಹೊರಡುವ ಮೊದಲು ಕಮಿಟ್ ಮಾಡಿ ಲಾಕ್ ಬಿಡಬೇಕು. ಇನ್ನೊಬ್ಬರ ಲಾಕ್ ಮುರಿಯುವ ಮೊದಲು ಮಾತನಾಡಬೇಕು.

ಕಮಿಟ್ ಮಾಡುವಾಗ ಕಾರಣ ಬರೆಯುವುದಕ್ಕೆ ಎಲ್ಲರೂ ಮೊದಲು ಸೋಮಾರಿತನ ಮಾಡಿದರು. ‘ಬದಲಾವಣೆ’ ಎಂದಷ್ಟೇ ಬರೆಯುತ್ತಿದ್ದರು. ನಾನು ಮಸೀದಿಯಲ್ಲಿ ಕೇಳಿದ್ದ ಒಂದು ಮಾತು ನೆನಪಾಯಿತು. ಕುರ್‌ಆನಿನ ಅತಿ ಉದ್ದದ ಆಯತ್ ಅಲ್ ಬಕರಾ ಅಧ್ಯಾಯದ 282ನೆಯದು. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು, ಸಾಕ್ಷಿ ಇಡುವುದು. ಒಬ್ಬರಿಂದೊಬ್ಬರಿಗೆ ಹೊಣೆ ದಾಟುವ ಕಡೆ ಬರಹ ಇರಲಿ ಎಂಬ ಕಾಳಜಿ ಅದು. ಡ್ರಾಯಿಂಗೂ ಒಂದು ಅಮಾನತ್. ಗಿರಾಕಿಯಿಂದ ನನಗೆ, ನನ್ನಿಂದ ಮೇಸ್ತ್ರಿಗೆ ದಾಟುತ್ತದೆ. ಈಗ ನಾವು ‘ಗಿರಾಕಿ ಪೈಪ್ 80ರಿಂದ 100 ಮಾಡಿದರು, ತೂತಿನ ವೃತ್ತ 180’ ಎಂದು ಪೂರ್ತಿ ಬರೆಯುತ್ತೇವೆ. ಯಾರನ್ನೋ ಸಿಕ್ಕಿಸಲು ಅಲ್ಲ, ತಪ್ಪಿಲ್ಲದವರ ಸಂಬಳ ಕತ್ತರಿಸದಿರಲಿ ಎಂದು.

ಮೊನ್ನೆ ನಾನು ವರ್ಕ್‌ಶಾಪಿಗೆ ಹೋದಾಗ ಅದೇ ಮೇಸ್ತ್ರಿ ಪ್ರಿಂಟಿನ ಕೆಳಗಿನ ಪಟ್ಟಿಯ ಮೇಲೆ ಬೆರಳಿಟ್ಟು, ಪರದೆಯ ಮೇಲಿನ ರಿವಿಷನ್ ಸಂಖ್ಯೆಯ ಜೊತೆ ತಾಳೆ ನೋಡುತ್ತಿದ್ದರು. “ಎರಡೂ ಒಂದೇ ಇದೆ ಬೇಟಾ, ಇನ್ನು ಮಿಷನ್ ಹಾಕ್ತೀನಿ” ಎಂದರು.

ನೀವೇ ಮಾಡಿ ನೋಡಿ

ಕಾಲೇಜಿನ ಲ್ಯಾಬಿನಲ್ಲಿ ಉಪನ್ಯಾಸಕರ ಅನುಮತಿ ಪಡೆದು ಇವನ್ನು ಪ್ರಯತ್ನಿಸಬಹುದು.

1. ಪಕ್ಕದ ಕಂಪ್ಯೂಟರಿಗೆ ಮತ್ತು ಯಾವುದಾದರೂ ಹೊರಗಿನ ವೆಬ್‌ಸೈಟಿಗೆ ಪಿಂಗ್ ಮಾಡಿ. ಎರಡು ಸಮಯಗಳನ್ನು ಬರೆದುಕೊಂಡು 2000ದಿಂದ ಗುಣಿಸಿ.

2. 600 ಮೆಗಾಬೈಟಿನ ಫೈಲು ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ ಹೋಗಲು ಎಷ್ಟು ಹೊತ್ತು ಬೇಕು? ಉತ್ತರ 4 ನಿಮಿಷ ಬರಬೇಕು. ಬರದಿದ್ದರೆ 8ರಿಂದ ಗುಣಿಸಿದ್ದೀರಾ ನೋಡಿ.

3. ಇಬ್ಬರು ಗೆಳೆಯರು ಒಂದೇ ಹಂಚಿಕೆಯ ಫೋಲ್ಡರಿನ ಒಂದೇ ಚಿತ್ರವನ್ನು ಏಕಕಾಲಕ್ಕೆ ತೆರೆದು, ಬೇರೆ ಬೇರೆಯಾಗಿ ತಿದ್ದಿ ಸೇವ್ ಮಾಡಿ. ಯಾರ ಕೆಲಸ ಉಳಿಯಿತು? ಅಳಿಸಿಹೋದವರಿಗೆ ಅದು ಗೊತ್ತಾಯಿತೇ?

ಮೂರನೆಯದನ್ನು ತಪ್ಪದೆ ಮಾಡಿ. ಅಳಿಸಿಹೋದದ್ದು ಒಂದು ಚಿತ್ರ ಮಾತ್ರವಾದರೆ ನಕ್ಕು ಸುಮ್ಮನಾಗಬಹುದು. ಅದೇ ಡ್ರಾಯಿಂಗಾಗಿದ್ದು, 20 ಕಿ.ಮೀ. ಆಚೆ ಅದನ್ನು ನಂಬಿ ಒಬ್ಬರು ಡ್ರಿಲ್ಲಿಂಗ್ ಮಿಷನ್ ಚಾಲೂ ಮಾಡಿರಬಹುದು.